ಗೂಟ ಬಿದ್ದ ಮೇಲೆ

1956ರ ಜುಲೈ 31ರಂದು ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಆಸ್ಟ್ರೇಲಿಯದ ಕೊನೆಯ ದಾಂಡಿಗನನ್ನು ಔಟ್ ಮಾಡಿದರು. ಆ ಟೆಸ್ಟ್ ಪಂದ್ಯದಲ್ಲಿ ಅದು ಅವರಿಗೆ ದಕ್ಕಿದ ಹತ್ತೊಂಬತ್ತನೆಯ ವಿಕೆಟ್. ಮೊದಲ ಇನ್ನಿಂಗ್ಸಿನಲ್ಲಿ 37 ರನ್ನಿಗೆ 9, ಎರಡನೆಯದರಲ್ಲಿ 53 ರನ್ನಿಗೆ 10. ಅದಕ್ಕೆ ಮುಂಚೆ ಯಾರೂ ಅಷ್ಟು ಮಾಡಿರಲಿಲ್ಲ. ಅನಂತರವೂ ಯಾರೂ ಮಾಡಿಲ್ಲ. ಇಂಥ ಸಾಹಸವನ್ನು ಮುಗಿಸಿದ ಮನುಷ್ಯ ಆ ಕ್ಷಣದಲ್ಲಿ ಏನು ಮಾಡಿದರು? ಅಂದಿನ ಚಲನಚಿತ್ರದ ತುಣುಕು ಉಳಿದಿದೆ, ನೋಡಬಹುದು. ಸ್ವೆಟರನ್ನು ಹೆಗಲ ಮೇಲೆ ಹಾಕಿಕೊಂಡರು, ಕೈ ನೀಡಿದವರಿಗೆ ಕೈ ಕೊಟ್ಟರು, ಪೆವಿಲಿಯನ್ನಿನ ಕಡೆಗೆ ನಡೆದರು. ಕಚೇರಿಯ ಕಡತ ಕಟ್ಟಿಟ್ಟು ಬಸ್ಸಿಗೆ ಹೊರಟ ಗುಮಾಸ್ತೆಯೊಬ್ಬನ ನಡಿಗೆ ಅದು.

ಇಂದಿನ ಆಟಗಾರರ ಕುಣಿತ, ಕೂಗಾಟ, ಮುಷ್ಟಿಪ್ರದರ್ಶನಗಳನ್ನು ಕಂಡು ಬೇಸತ್ತ ಹಿರಿಯರು ಲೇಕರರ ಈ ನಡಿಗೆಯನ್ನು ಸಾಕ್ಷಿಯಾಗಿ ಮುಂದಿಡುವುದುಂಟು. 'ನೋಡಿ, ಸಂಸ್ಕಾರವೆಂದರೆ ಇದು' ಎನ್ನುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಪೂರ್ತಿ ಒಪ್ಪುವ ಮುನ್ನ ಲೇಕರ್ ಯಾರೆಂಬುದನ್ನು ನೆನೆಯಬೇಕು. ಅವರು ಸರ್ರೆ ತಂಡದ ವೃತ್ತಿ ಆಟಗಾರ, ಎಂದರೆ ಕೂಲಿಗೆ ಆಡುವವರು. ಅವರ ನಾಯಕ ಪೀಟರ್ ಮೇ ಹವ್ಯಾಸಿ, ಎಂದರೆ ಸಂಭಾವಿತ. ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ 1962ರ ಕೊನೆಯವರೆಗೂ ಈ ಎರಡು ಜಾತಿಗಳಿದ್ದವು. ಜಾತಿ ಎಂಬ ಮಾತನ್ನು ತಿಳಿದೇ ಬಳಸುತ್ತಿದ್ದೇನೆ. ಸಂಭಾವಿತನ ಹೆಸರಿನ ಮೊದಲಕ್ಷರಗಳನ್ನು ಹೆಸರಿಗೆ ಮುಂಚೆ ಅಚ್ಚು ಮಾಡುತ್ತಿದ್ದರು, ಕೂಲಿಯವನದನ್ನು ಹೆಸರಿನ ಹಿಂದೆ. ಒಮ್ಮೆ ಲಾರ್ಡ್ಸ್ ಮೈದಾನದಲ್ಲಿ ಟಿಟ್ಮಸ್ ಎಂಬ ತರುಣ ವೃತ್ತಿ ಆಟಗಾರನ ಮೊದಲಕ್ಷರಗಳು ತಪ್ಪಿ ಹೆಸರಿಗೆ ಮುಂಚೆ ಬಿದ್ದುಬಿಟ್ಟಾಗ, ಧ್ವನಿವರ್ಧಕದಲ್ಲಿ ಸಾರ್ವಜನಿಕವಾಗಿ ಅದನ್ನು ತಿದ್ದಿದರು. ಅಂಥ ಮನೆಯಲ್ಲಿ ಆಳು ಕುಣಿಯುವುದಿಲ್ಲ. ಅವನ ಮೌನದಲ್ಲಿ ಎಷ್ಟು ಪಾಲು ವಿನಯ, ಎಷ್ಟು ಪಾಲು ಅಂಕೆ ಎಂದು ಬೇರ್ಪಡಿಸಿ ಹೇಳಬಲ್ಲವರಾರು?

ಮೌನವೇ ಸದಾಚಾರವೆನ್ನುವವರಿಗೆ 1932-33ರ ಪ್ರವಾಸವನ್ನೂ ನೆನಪಿಸಬೇಕು. ಬ್ರಾಡ್ಮನ್ನರನ್ನು ಹಿಡಿದು ನಿಲ್ಲಿಸುವುದಕ್ಕಾಗಿ ಇಂಗ್ಲೆಂಡಿನ ನಾಯಕ ಡಗ್ಲಸ್ ಜಾರ್ಡಿನ್ ದಾಂಡಿಗರ ಎದೆಗೆ, ಪಕ್ಕೆಗೆ ಚೆಂಡೆಸೆಯುವ ತಂತ್ರ ಹೂಡಿದರು. ಜಾರ್ಡಿನ್ ಆಕ್ಸ್‌ಫರ್ಡಿನಲ್ಲಿ ಓದಿದವರು, ಅಪ್ಪಟ ಸಂಭಾವಿತರು. ಗೂಟ ಬಿದ್ದಾಗ ಅವರು ಸಾಮಾನ್ಯವಾಗಿ ಕುಪ್ಪಳಿಸುತ್ತಿರಲಿಲ್ಲ, ಕೇಕೆ ಹಾಕುತ್ತಿರಲಿಲ್ಲ. ಅವರ ಅಪ್ಪಣೆಯಂತೆ ಎಸೆದವರು ಗಣಿ ಕೆಲಸದಿಂದ ಬಂದ ಹೆರಾಲ್ಡ್ ಲಾರ್ವುಡ್. ಗದ್ದಲವೆಲ್ಲ ಅಡಗಿದ ಮೇಲೆ ಕ್ಷಮೆ ಕೇಳಬೇಕೆಂದು ಹೇಳಿದ್ದು ಲಾರ್ವುಡ್ಡರಿಗೆ; ಅವರು ಒಲ್ಲೆನೆಂದರು, ಮತ್ತೆಂದೂ ಇಂಗ್ಲೆಂಡಿನ ಪರವಾಗಿ ಆಡಲಿಲ್ಲ. ಹೊರಗಿನ ಮರ್ಯಾದೆಗೆ ಒಂದು ಸುಕ್ಕೂ ಬೀಳದೆ ಇಷ್ಟೆಲ್ಲ ನಡೆಯಿತು.

ಹಾಗಾದರೆ ಇಂದಿನ ಕುಣಿತವೆಲ್ಲ ಸರಿಯೇ? ಹಾಗೆಂದೂ ಅಲ್ಲ. ಕೂಡದು ಎನ್ನುವವರೂ ಇರಲಿ ಬಿಡಿ ಎನ್ನುವವರೂ ಹರ್ಷದ ಪ್ರಮಾಣವನ್ನು ಅಳೆಯುತ್ತಿದ್ದಾರೆ. ಸೇರಿನಲ್ಲಿ ಅಳೆಯುವ ಪದಾರ್ಥವಲ್ಲ ಅದು. ಯಾರ ಕಡೆಗೆ ಮುಖ ಮಾಡಿದೆ ಎಂದು ನೋಡಬೇಕಾದದ್ದು.

ಟ್ರಿನಿಡಾಡಿನ ಸಿ. ಎಲ್. ಆರ್. ಜೇಮ್ಸ್ 1963ರಲ್ಲಿ ಪ್ರಕಟಿಸಿದ 'ಬಿಯಾಂಡ್ ಎ ಬೌಂಡರಿ' ಎಂಬ ಗ್ರಂಥದಲ್ಲಿ ಕ್ರಿಕೆಟ್ ಒಂದು ದೃಶ್ಯಕಲೆ, ನಾಟಕ ನೃತ್ಯಗಳ ಪಂಕ್ತಿಯಲ್ಲಿ ಕೂರತಕ್ಕದ್ದು ಎಂದು ವಾದಿಸಿದರು. ಬೌಲರನೂ ದಾಂಡಿಗನೂ ಒಬ್ಬರಿಗೊಬ್ಬರು ಎದುರಾಗಿ ನಿಲ್ಲುತ್ತಾರೆ, ಒಬ್ಬೊಬ್ಬನ ಹಿಂದೆಯೂ ಒಂದೊಂದು ಪಕ್ಷವೇ ನಿಂತಿರುತ್ತದೆ. ನಾಟಕಕ್ಕೆ ಇನ್ನೇನು ಬೇಕು ಎಂಬುದು ಅವರ ಪ್ರಶ್ನೆ. ದೃಶ್ಯಕಾವ್ಯವೆಂದು ಒಪ್ಪಿದ ಮೇಲೆ ಅದನ್ನು ವಿಮರ್ಶಿಸುವ ಸಲಕರಣೆಗಾಗಿ ನಾವು ಪರದೇಶಕ್ಕೆ ಹೋಗಬೇಕಾಗಿಲ್ಲ. ಭರತಮುನಿ ಮೂವತ್ತಮೂರು ಸಂಚಾರಿಭಾವಗಳನ್ನು ಎಣಿಸಿದ್ದಾನೆ. ಸ್ಥಾಯಿಯ ನೀರಿನಲ್ಲಿ ತೆರೆಗಳಂತೆ ಎದ್ದು ಅಡಗುವ ಭಾವಗಳು ಇವು. ಹರ್ಷ ಅವುಗಳಲ್ಲಿ ಒಂದು. ಗರ್ವ ಮತ್ತೊಂದು, ಉಗ್ರತೆ ಇನ್ನೊಂದು. ಅವಮಾನಿತನಾದವನಲ್ಲಿ ಹುಟ್ಟುವ ಅಸಹನೆಗೆ ಅಮರ್ಷವೆಂದು ಬೇರೆಯೇ ಹೆಸರಿದೆ. ವೀರರಸದ ಸ್ಥಾಯಿ ಮಾತ್ರ ಉತ್ಸಾಹ. ಅದು ಉತ್ತಮ ಪ್ರಕೃತಿಯವರಿಗೆ ಸೇರಿದ್ದೆಂದು ಭರತ ಹೇಳುತ್ತಾನೆ. ಟೆಲಿವಿಷನ್ನಿನ ವ್ಯಾಖ್ಯಾನಕಾರರು ಇವೆಲ್ಲವನ್ನೂ ಒಟ್ಟಿಗೆ ಮೂಟೆ ಕಟ್ಟಿ 'ಸೆಲಿಬ್ರೇಷನ್' ಎನ್ನುತ್ತಾರೆ.

ನಮ್ಮ ಊರಿನಲ್ಲೇ ನಡೆದ ಒಂದು ಪ್ರಸಂಗವನ್ನು ಈ ಕಣ್ಣಿನಿಂದ ನೋಡೋಣ. 1996ರ ಮಾರ್ಚ್ 9, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಎದುರಾಳಿ ಪಾಕಿಸ್ತಾನ. ಭಾರತ 287 ರನ್ ಮಾಡಿತ್ತು. ವಾಸಿಂ ಅಕ್ರಂ ಗಾಯಗೊಂಡು ಹೊರಗುಳಿದಿದ್ದರಿಂದ ಅಮೀರ್ ಸೊಹೈಲ್ ಅಂದಿನ ನಾಯಕ. ಅವರು ಬೆನ್ನಟ್ಟಿದ ರೀತಿಯನ್ನು ನೋಡಿ ಕ್ರೀಡಾಂಗಣದ ಗಂಟಲು ಒಣಗಿತ್ತು. ಐವತ್ತು ದಾಟಿದ್ದ ಸೊಹೈಲ್ ವೆಂಕಟೇಶ ಪ್ರಸಾದರ ಒಂದು ಚೆಂಡನ್ನು ಮುನ್ನುಗ್ಗಿ ಕವರಿನ ಕಡೆಗೆ ಬೌಂಡರಿಗೆ ಅಟ್ಟಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಬ್ಯಾಟನ್ನೆತ್ತಿ ಚೆಂಡು ಹೋದ ದಿಕ್ಕನ್ನು ಪ್ರಸಾದರಿಗೆ ತೋರಿಸಿದರು. ಮುಂದಿನದೂ ಅಲ್ಲಿಗೇ ಎಂಬರ್ಥದಲ್ಲಿ. ಮುಂದಿನ ಚೆಂಡಿಗೆ ಸೊಹೈಲರ ಗೂಟ ಹಾರಿತು. ಸಾಮಾನ್ಯವಾಗಿ ಸೌಮ್ಯರಾದ, ಎಸೆತದಲ್ಲೂ ನಿಧಾನಗತಿಯ ಮೋಸವನ್ನೇ ನೆಚ್ಚಿದ ಪ್ರಸಾದ್ ಪೆವಿಲಿಯನ್ನಿನ ಕಡೆಗೆ ಕೈ ಚಾಚಿ ದಾರಿ ತೋರಿಸಿದರು. ಬಾಯಿಂದ ಬಂದ ಮಾತು ಅಚ್ಚು ಮಾಡತಕ್ಕದ್ದಲ್ಲ.

ಸೊಹೈಲರದು ಗರ್ವ, ಪ್ರಸಾದರದು ಅಮರ್ಷ. ಎರಡೂ ಸನ್ನೆಗಳು ಹೊರಗೆ ಒಂದೇ ಬಗೆಯವು; ಒಬ್ಬ ಇನ್ನೊಬ್ಬನಿಗೆ ದಿಕ್ಕು ತೋರಿಸುತ್ತಾನೆ. ಆದರೆ ಮೊದಲನೆಯದಕ್ಕೆ ವಿಭಾವವೇ ಇಲ್ಲ, ಸ್ವಂತ ಬಲದ ಅಮಲಿನಿಂದ ಹುಟ್ಟಿದ್ದು ಅದು. ಎರಡನೆಯದಕ್ಕೆ ಕಾರಣ ಒಂದು ಚೆಂಡಿನಷ್ಟು ಹಿಂದೆ ನಿಂತಿದೆ. ಅದಕ್ಕಾಗಿಯೇ ಆ ತುಣುಕನ್ನು ಜನ ಇಂದಿಗೂ ಹಾಕಿಕೊಂಡು ನೋಡುತ್ತಾರೆ. ಗೂಟ ಉರುಳಿದ ಚೆಂಡನ್ನು ಮಾತ್ರ ಕತ್ತರಿಸಿ ತೋರಿಸಿದರೆ ಪ್ರಸಾದ್ ಒರಟರಾಗಿ ಕಾಣುತ್ತಾರೆ. ಹಿಂದಿನ ಚೆಂಡನ್ನೂ ಸೇರಿಸಿದರೆ ಎರಡಂಕದ ನಾಟಕ. ಇಷ್ಟಾದರೂ ಪ್ರಸಾದರ ಸನ್ನೆಯನ್ನು ಮಾದರಿಯೆಂದು ನಾನು ಒಪ್ಪಲಾರೆ. ಅದು ಕ್ಷಮ್ಯ, ಕ್ಷಮ್ಯವಾದದ್ದೆಲ್ಲ ಅನುಕರಣೀಯವಲ್ಲ. ಗೂಟವೇ ಉತ್ತರ ಹೇಳಿಯಾಗಿತ್ತು.

ಆ ರಾತ್ರಿ ಇನ್ನೊಂದು ನಿರ್ಗಮನವೂ ನಡೆಯಿತು. ಮೊದಲ ಆರು ವಿಶ್ವಕಪ್ಪುಗಳಲ್ಲಿ ಆಡಿದ ಜಾವೇದ್ ಮಿಯಾಂದಾದ್ 38 ರನ್ ಮಾಡಿ ರನೌಟಾದರು. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಅದೇ ಅವರ ಕೊನೆಯ ಆಟ. ಪಾಕಿಸ್ತಾನ 39 ರನ್ನುಗಳಿಂದ ಸೋತಿತು. ನಾಲ್ಕು ವರ್ಷಗಳ ಹಿಂದೆ ಸಿಡ್ನಿಯಲ್ಲಿ ಕಿರಣ್ ಮೋರೆಯವರನ್ನು ಅಣಕಿಸಿ ಕಪ್ಪೆಯಂತೆ ಕುಪ್ಪಳಿಸಿದ ಮಿಯಾಂದಾದರು ಬೆಂಗಳೂರಿನಿಂದ ಸದ್ದಿಲ್ಲದೆ ಹೋದದ್ದನ್ನು ಇಂದು ನೆನೆಯುವವರು ಕಡಿಮೆ. ಸೊಹೈಲ್-ಪ್ರಸಾದರ ಗದ್ದಲ ಅದನ್ನು ನುಂಗಿಹಾಕಿತು.

ಬಿದ್ದವನ ಮುಂದೆ ಗೆದ್ದವನು ಹೇಗಿರಬೇಕೆಂಬ ಪ್ರಶ್ನೆ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ವ್ಯಾಸಭಾರತದ ಶಲ್ಯಪರ್ವದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನ ತಲೆಯನ್ನು ಭೀಮ ಎಡಗಾಲಿನಿಂದ ಒದೆಯುತ್ತಾನೆ. ಹದಿಮೂರು ವರ್ಷದ ಅಮರ್ಷ ಅವನದು, ಪ್ರಸಾದರದರಂತೆ ಒಂದು ಚೆಂಡಿನದಲ್ಲ. ದ್ರೌಪದಿಯ ಮಾನಭಂಗವನ್ನು ಕಣ್ಣಾರೆ ಕಂಡವನು. ಆದರೂ ಅವನನ್ನು ತಡೆಯುವವನು ಶತ್ರುಪಕ್ಷದವನಲ್ಲ, ಸ್ವಂತ ಅಣ್ಣ ಧರ್ಮರಾಯ. ರನ್ನ ಕವಿ ಇದೇ ಯುದ್ಧವನ್ನು ಕಾವ್ಯವನ್ನಾಗಿ ಮಾಡಿ, ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ, ಭೀಮನನ್ನೇ ನಾಯಕನೆಂದು ಕರೆದ. ಓದುಗರ ಮನಸ್ಸು ಮಾತ್ರ ದುರ್ಯೋಧನನ ಕಡೆಗೆ ವಾಲಿತು, ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಅದೇ ಕಾವ್ಯದಿಂದ ದುರ್ಯೋಧನನ ದುರಂತ ನಾಟಕವನ್ನು ಕಟ್ಟಿದರು. ಗೆದ್ದವನು ಅತಿಯಾಗಿ ಆರ್ಭಟಿಸಿದರೆ ಸಹೃದಯರ ಕರುಣೆ ಸೋತವನ ಪಾಲಾಗುತ್ತದೆಂಬುದು ಆಟದ ಮೈದಾನಕ್ಕೂ ಹೊಂದುತ್ತದೆ. 2024ರ ಮಾರ್ಚಿನಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ತರುಣ ವೇಗಿ ಹರ್ಷಿತ್ ರಾಣಾ ನಮ್ಮ ಮಯಂಕ್ ಅಗರ್ವಾಲರನ್ನು ಔಟ್ ಮಾಡಿ, ದುರುಗುಟ್ಟಿ ನೋಡಿ, ಮುತ್ತೊಂದನ್ನು ಹಾರಿಸಿದರು. ಅಲ್ಲಿ ಹಿಂದಿನ ಚೆಂಡಿನ ಅವಮಾನವಿರಲಿಲ್ಲ. ಪಂದ್ಯದ ಸಂಭಾವನೆಯಲ್ಲಿ ನೂರಕ್ಕೆ ಅರವತ್ತರಷ್ಟು ದಂಡ ಬಿತ್ತು. ಎಸೆದ ಚೆಂಡು ಎಂಥದ್ದೆಂದು ಕೇಳಿದರೆ ಹೇಳಬಲ್ಲವರು ಈಗ ಎಷ್ಟು ಜನ?

ಇನ್ನೊಂದು ಬಗೆಯಿದೆ: ಮೊದಲೇ ಕಲಿತು ತಂದ ಹರ್ಷ. ವೆಸ್ಟ್ ಇಂಡೀಸಿನ ಕೆಸ್ರಿಕ್ ವಿಲಿಯಮ್ಸ್ ವಿಕೆಟ್ ತೆಗೆದಾಗಲೆಲ್ಲ ಅಂಗೈಯನ್ನೇ ಪುಸ್ತಕ ಮಾಡಿಕೊಂಡು ಔಟಾದವನ ಹೆಸರನ್ನು ಬರೆದುಕೊಳ್ಳುವ ಅಭಿನಯ ಮಾಡುತ್ತಿದ್ದರು. 2017ರಲ್ಲಿ ಜಮೈಕದಲ್ಲಿ ಅವರು ವಿರಾಟ್ ಕೊಹ್ಲಿಯವರ ಹೆಸರನ್ನು ಬರೆದುಕೊಂಡರು. 2019ರ ಡಿಸೆಂಬರ್ 6ರಂದು ಹೈದರಾಬಾದಿನಲ್ಲಿ ಕೊಹ್ಲಿ ಅವರ ಚೆಂಡಿಗೆ ಸಿಕ್ಸರ್ ಎತ್ತಿ, ತಾವೂ ಅಂಗೈ ಪುಸ್ತಕ ತೆರೆದು ಗುರುತು ಹಾಕಿದರು. ಅಜೇಯರಾಗಿ 94 ರನ್ ಮಾಡಿ ಪಂದ್ಯ ಗೆಲ್ಲಿಸಿದರು. ಎರಡೂವರೆ ವರ್ಷ ಕಾದ ಈ ಬಾಕಿ ವಸೂಲಿಯಲ್ಲಿ ನಗೆಯಿದೆ, ಒಪ್ಪೋಣ. ಆದರೆ ಪ್ರತಿ ವಿಕೆಟ್ಟಿಗೂ ಅದೇ ಪುಸ್ತಕ ತೆರೆದರೆ? ಸಂಚಾರಿಯೆಂದರೆ ಬಂದು ಹೋಗುವುದು. ಮನೆಯಲ್ಲೇ ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ಕ್ಯಾಮರಾ ಎಲ್ಲಿದೆಯೆಂದು ನೋಡಿಕೊಂಡು ಹೊರಡಿಸಿದ್ದು ಸಂಚಾರಿಯಲ್ಲ, ನಾಟಕ ಕಂಪನಿಯ ಹಾಸ್ಯಗಾರನ ಸವಕಲು ಮಾತು. ಮೂರನೆಯ ರಾತ್ರಿ ಅದಕ್ಕೆ ಯಾರೂ ನಗುವುದಿಲ್ಲ.

ಆ ಪುಸ್ತಕ 2025ರಲ್ಲಿ ಐಪಿಎಲ್ ಪಂದ್ಯಗಳಲ್ಲಿ ದಿಗ್ವೇಶ್ ರಾಠಿ ಎಂಬ ಹೊಸ ಸ್ಪಿನ್ನರನ ಕೈಸೇರಿತು. ಮೊದಲ ಸಲ ಔಟಾಗಿ ಹೋಗುತ್ತಿದ್ದ ದಾಂಡಿಗನ ಪಕ್ಕಕ್ಕೇ ಹೋಗಿ ಬರೆದರು, ಸಂಭಾವನೆಯಲ್ಲಿ ಕಾಲುಭಾಗ ದಂಡ. ಮತ್ತೊಮ್ಮೆ ಬರೆದರು, ಅರ್ಧ ಹೋಯಿತು. ಕಲ್ಕತ್ತೆಯಲ್ಲಿ ಸುನಿಲ್ ನಾರಾಯಣರ ವಿಕೆಟ್ ಸಿಕ್ಕಾಗ ದಾಂಡಿಗನ ಹತ್ತಿರ ಸುಳಿಯದೆ, ಬಗ್ಗಿ ನೆಲದ ಹುಲ್ಲಿನ ಮೇಲೆ ಬರೆದರು. ನಾರಾಯಣರು ರಾಠಿಯವರ ಆರಾಧ್ಯ ಆಟಗಾರ. ಜೊತೆಗೆ ವಿಕೆಟ್ ಬಿದ್ದರೂ ಸಿಕ್ಸರ್ ಹೊಡೆದರೂ ಮುಖದ ಒಂದು ಗೆರೆ ಅಲುಗಿಸದ ಮನುಷ್ಯ. ಅಭಿನಯ ಅದೇ, ಅಕ್ಷರ ಅದೇ, ಮುಖ ಮಾಡಿದ ದಿಕ್ಕು ಮಾತ್ರ ಬೇರೆ. ನೋಡುವವರು ಈ ಸಲ ನಕ್ಕರು.

ಪುನರಾವರ್ತನೆಯೆಲ್ಲ ಸವಕಲೆಂದೂ ಹೇಳಬಾರದು. 1999ರ ವಿಶ್ವಕಪ್ಪಿನ ನಡುವೆ ಸಚಿನ್ ತೆಂಡೂಲ್ಕರರ ತಂದೆ ತೀರಿಕೊಂಡರು; ಅವರು ಮರಾಠಿಯ ಕವಿ, ಪ್ರಾಧ್ಯಾಪಕರು. ಅಂತ್ಯಕ್ರಿಯೆ ಮುಗಿಸಿ ಇಂಗ್ಲೆಂಡಿಗೆ ಮರಳಿದ ಮಗ ಮೇ 23ರಂದು ಬ್ರಿಸ್ಟಲಿನಲ್ಲಿ ಕೀನ್ಯದ ವಿರುದ್ಧ ಅಜೇಯರಾಗಿ 140 ರನ್ ಮಾಡಿ, ನೂರು ತುಂಬಿದಾಗ ಆಕಾಶದ ಕಡೆಗೆ ನೋಡಿದರು. ಮುಂದೆ ಎಷ್ಟೋ ಶತಕಗಳಿಗೆ ಹಾಗೆಯೇ ನೋಡಿದರು. ಅದು ಎಂದೂ ಹಳತೆನಿಸಲಿಲ್ಲ. ಅಲ್ಲಿ ಅವರು ಮಾತಾಡುತ್ತಿದ್ದುದು ನಮ್ಮೊಡನೆಯೂ ಅಲ್ಲ, ಬೌಲರನೊಡನೆಯೂ ಅಲ್ಲ.

ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಲಿಯ ನಡತೆಯ ನಿಯಮಾವಳಿಯೂ, ಅದಕ್ಕೆ ತಿಳಿದೋ ತಿಳಿಯದೆಯೋ, ಇದೇ ದಿಕ್ಕನ್ನೇ ಹಿಡಿದಿದೆ. ಹರ್ಷಪಡುವುದಕ್ಕೆ ದಂಡವಿಲ್ಲ, ಔಟಾದ ದಾಂಡಿಗನನ್ನು ಹೀನಾಯಿಸುವ ಅಥವಾ ಕೆರಳಿಸಬಹುದಾದ ಮಾತು, ಸನ್ನೆಗಳಿಗೆ ದಂಡವಿದೆ. ನಿಯಮ ಸರಿ, ಪ್ರಯೋಗ ಕಷ್ಟ. 2018ರ ಮಾರ್ಚಿನಲ್ಲಿ ಪೋರ್ಟ್ ಎಲಿಜಬೆತ್ತಿನಲ್ಲಿ ದಕ್ಷಿಣ ಆಫ್ರಿಕದ ಕಗಿಸೊ ರಬಾಡ ಆಸ್ಟ್ರೇಲಿಯದ ನಾಯಕ ಸ್ಟೀವ್ ಸ್ಮಿತ್ತರನ್ನು ಔಟ್ ಮಾಡಿ ಕೂಗುತ್ತ ಹೋಗುವಾಗ ಭುಜಕ್ಕೆ ಭುಜ ತಗುಲಿತು. ಪಂದ್ಯದಲ್ಲಿ 11 ವಿಕೆಟ್ ತೆಗೆದ ಬೌಲರಿಗೆ ಎರಡು ಟೆಸ್ಟುಗಳ ನಿಷೇಧ. ಮೇಲ್ಮನವಿಯಲ್ಲಿ, ತಗುಲಿದ್ದು ಬೇಕೆಂದೇ ಅಲ್ಲವೆಂದು ತೀರ್ಮಾನವಾಗಿ ನಿಷೇಧ ಹೋಯಿತು. ರಬಾಡ ಕೇಪ್‌ಟೌನಿನ ಮುಂದಿನ ಟೆಸ್ಟಿನಲ್ಲಿ ಆಡಿದರು. ಅದೇ ಟೆಸ್ಟಿನಲ್ಲಿ ಆಸ್ಟ್ರೇಲಿಯದವರು ಮರಳುಕಾಗದದಿಂದ ಚೆಂಡನ್ನು ಉಜ್ಜಿ ಸಿಕ್ಕಿಬಿದ್ದರು. ಸ್ಮಿತ್ತರಿಗೂ ಉಪನಾಯಕ ವಾರ್ನರರಿಗೂ ಅವರ ಮಂಡಲಿಯೇ ಒಂದೊಂದು ವರ್ಷದ ನಿಷೇಧ ಹಾಕಿತು. ಭುಜ ತಾಗಿಸಿದ್ದು ಎಲ್ಲರ ಕಣ್ಣೆದುರಿಗೆ, ಕಾಗದ ಉಜ್ಜಿದ್ದು ಅಂಗೈಯ ಮರೆಯಲ್ಲಿ. ಆಟದ ಮರ್ಯಾದೆಯ ಕಾವಲುಗಾರರು ಸದ್ದು ಬಂದ ಕಡೆಗೇ ದೀಪ ಹಿಡಿಯುತ್ತಾರೆ.

ಸೌರವ್ ಗಂಗೂಲಿಯವರ ಅಂಗಿಯ ವಿಷಯ ಹೇಳದೆ ಈ ಚರ್ಚೆ ಮುಗಿಯದು. 2002ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆಯಲ್ಲಿ ಇಂಗ್ಲೆಂಡ್ ಸರಣಿಯನ್ನು ಸಮ ಮಾಡಿಕೊಂಡಾಗ ಆಂಡ್ರೂ ಫ್ಲಿಂಟಾಫ್ ಅಂಗಿ ಕಳಚಿ ಮೈದಾನದಲ್ಲಿ ಓಡಿದರು. ಅದೇ ವರ್ಷ ಜುಲೈ 13ರಂದು ಲಾರ್ಡ್ಸಿನಲ್ಲಿ 326 ರನ್ನುಗಳ ಗುರಿಯ ಮುಂದೆ 146ಕ್ಕೆ 5 ವಿಕೆಟ್ ಕಳೆದುಕೊಂಡಿದ್ದ ಭಾರತವನ್ನು ಯುವರಾಜ್ ಸಿಂಗ್ ಮತ್ತು ಮಹಮ್ಮದ್ ಕೈಫ್ ದಡ ಸೇರಿಸಿದರು. ನಾಯಕ ಗಂಗೂಲಿ ಉಪ್ಪರಿಗೆಯಲ್ಲಿ ಅಂಗಿ ಕಳಚಿ ಗಿರಗಿರನೆ ತಿರುಗಿಸಿದರು. ಕೋಟು, ಟೈ ಇಲ್ಲದ ಸದಸ್ಯನನ್ನು ಪೆವಿಲಿಯನ್ನಿನೊಳಗೆ ಬಿಡದ ಸ್ಥಳ ಅದು. ಕ್ಷೇಮೇಂದ್ರ ಔಚಿತ್ಯವನ್ನು ವಿಚಾರಿಸುವಾಗ ದೇಶ, ಕಾಲಗಳನ್ನು ಗಣಿಸುತ್ತಾನೆ. ಟಿಟ್ಮಸ್ಸರ ಮೊದಲಕ್ಷರಗಳನ್ನು ಧ್ವನಿವರ್ಧಕದಲ್ಲಿ ತಿದ್ದಿದ ಮೈದಾನದಲ್ಲಿ ಆ ಬರಿಮೈಗೆ ಬೇರೆಲ್ಲೂ ಇರದ ಅರ್ಥವಿತ್ತು. ನಮ್ಮ ಜನಕ್ಕೆ ಅದು ಕೂಡಲೇ ತಿಳಿಯಿತು. ಆದರೂ ರಸದೃಷ್ಟಿಯಿಂದ ಹೇಳುವುದಾದರೆ, ಆ ಸಂಜೆಯ ಶುದ್ಧ ಹರ್ಷ ಉಪ್ಪರಿಗೆಯಲ್ಲಿರಲಿಲ್ಲ. ಜಹೀರ್ ಖಾನರೊಡನೆ ಕೊನೆಯ ರನ್ನುಗಳನ್ನು ಓಡಿದ ಕೈಫರಲ್ಲಿತ್ತು. ಗಂಗೂಲಿಯವರದು ಐದು ತಿಂಗಳು ಹಳೆಯ ಪತ್ರಕ್ಕೆ ಬರೆದ ಉತ್ತರ.

ಲೇಕರರ ಹತ್ತು ವಿಕೆಟ್ಟಿನ ಸಾಧನೆಯನ್ನು ಮತ್ತೆ ಮಾಡಿದವರು ನಮ್ಮ ಅನಿಲ್ ಕುಂಬ್ಳೆ. 1999ರ ಫೆಬ್ರವರಿ 7, ದಿಲ್ಲಿ, ಪಾಕಿಸ್ತಾನದ ವಿರುದ್ಧ 74 ರನ್ನಿಗೆ 10. ಅಕ್ರಂ ಹೊಡೆದ ಚೆಂಡು ಲಕ್ಷ್ಮಣರ ಕೈಗೆ ಬಿದ್ದಾಗ ಕುಂಬ್ಳೆ ಎರಡೂ ತೋಳೆತ್ತಿ ಹಾರಿದರು, ಸಂಗಾತಿಗಳು ಮುತ್ತಿಕೊಂಡರು. ಲೇಕರರ ಸ್ವೆಟರಿಗಿಂತ ಇದು ಕೀಳೆನ್ನುವ ಎದೆ ಯಾರಿಗಿದೆ? ಆದರೆ ಆ ಮಧ್ಯಾಹ್ನದ ಅತ್ಯುತ್ತಮ ಅಭಿನಯ ಅದಕ್ಕೆ ಸ್ವಲ್ಪ ಮುಂಚೆ ಇನ್ನೊಂದು ತುದಿಯಲ್ಲಿ ನಡೆದಿತ್ತು. ಒಂಬತ್ತು ಬಿದ್ದ ಮೇಲೆ ಜಾವಗಲ್ ಶ್ರೀನಾಥ್ ತಮ್ಮ ಓವರನ್ನು ಗೂಟಗಳಿಂದ ದೂರ ದೂರಕ್ಕೆ ಎಸೆದರು, ಹತ್ತನೆಯದು ತಮಗೆ ಬಿದ್ದುಬಿಟ್ಟೀತೆಂದು! ವೇಗದ ಬೌಲರೊಬ್ಬ ವಿಕೆಟ್ ಬೇಡವೆಂದು ಓಡಿ ಬರುವ ದೃಶ್ಯ. ಆಮೇಲೆ 2021ರ ಡಿಸೆಂಬರಿನಲ್ಲಿ ಮುಂಬಯಿಯಲ್ಲೇ ಹುಟ್ಟಿ ನ್ಯೂಜಿಲೆಂಡಿಗೆ ವಲಸೆ ಹೋದ ಎಜಾಜ್ ಪಟೇಲ್ ವಾಂಖೆಡೆಯಲ್ಲಿ 119 ರನ್ನಿಗೆ ನಮ್ಮ ಹತ್ತೂ ಜನರನ್ನು ಔಟ್ ಮಾಡಿದಾಗ, ಚಪ್ಪಾಳೆ ಭಾರತದ ಡ್ರೆಸ್ಸಿಂಗ್ ಕೋಣೆಯಿಂದ ಬಂತು. ಔಟಾದವರೇ ರುಜು ಹಾಕಿದ ಅಂಗಿಯೊಂದನ್ನು ಅಶ್ವಿನ್ ಅವರಿಗೆ ಕೊಟ್ಟರು.

ವಾಂಖೆಡೆಯಲ್ಲಿ ಅಂಗಿ ಕಳಚಿ ಓಡಿದ ಫ್ಲಿಂಟಾಫರನ್ನು ನಾವು ಬಹುಶಃ ಒರಟರೆಂದು ಬರೆದಿಟ್ಟುಕೊಂಡಿದ್ದೇವೆ. 2005ರ ಆಗಸ್ಟ್ 7ರಂದು ಎಜ್‌ಬ್ಯಾಸ್ಟನ್ನಿನಲ್ಲಿ ಆಸ್ಟ್ರೇಲಿಯದ ಕೊನೆಯ ಜೋಡಿ ಗೆಲುವಿನ ಹೊಸ್ತಿಲವರೆಗೆ ಬಂದು, ಎರಡೇ ರನ್ನುಗಳಿಂದ ಸೋತಿತು. ಹಾರ್ಮಿಸನ್ನರ ಚೆಂಡಿಗೆ ಕ್ಯಾಸ್ಪ್ರೊವಿಚ್ ಔಟಾದರು. ಇಂಗ್ಲೆಂಡಿನವರು ಹುಚ್ಚೆದ್ದು ಕುಣಿಯುತ್ತಿದ್ದಾರೆ. ಇನ್ನೊಂದು ತುದಿಯಲ್ಲಿ ಮೈಯೆಲ್ಲ ಪೆಟ್ಟು ತಿಂದು 43 ರನ್ ಮಾಡಿ ಔಟಾಗದೆ ಉಳಿದ ಬ್ರೆಟ್ ಲೀ ಬ್ಯಾಟಿನ ಮೇಲೆ ಒರಗಿ ಕುಸಿದಿದ್ದಾರೆ. ಫ್ಲಿಂಟಾಫ್ ಅವರ ಬಳಿ ಕುಕ್ಕರುಗಾಲಲ್ಲಿ ಕುಳಿತು ಒಂದು ಕೈ ಹೆಗಲ ಮೇಲಿಟ್ಟು ಇನ್ನೊಂದನ್ನು ಕುಲುಕಿದರು. ಆಮೇಲೆ ಎದ್ದು ಹೋಗಿ ತಾವೂ ಕುಣಿದರು. ನಿಧಾನವಾಗಿ ಓಡಿಸಿದ ಚಿತ್ರದಲ್ಲಿ ಆಮೇಲೆ ಕಂಡುಬಂದಂತೆ, ಚೆಂಡು ತಗುಲಿದಾಗ ಕ್ಯಾಸ್ಪ್ರೊವಿಚ್ಚರ ಕೈ ಬ್ಯಾಟನ್ನು ಬಿಟ್ಟಿತ್ತು. ಅಂದರೆ ಅವರು ಔಟೇ ಆಗಿರಲಿಲ್ಲ.